ಕಾಕಾನ ಮೋಟಾರು ಪರೀಕ್ಷೆ

ನಮ್ಮ ಕಾಕಾನಿಗೆ ಮನುಷ್ಯರ ಮಾತಿನ ಮೇಲೆ ಅಷ್ಟಕ್ಕಷ್ಟೇ ನಂಬಿಕೆ, ಮೋಟಾರಿನ ಮಾತಿನ ಮೇಲೆ ಮಾತ್ರ ಪೂರ್ಣ ವಿಶ್ವಾಸ ಎಂದರೆ ನೀವು ನಗಬಹುದು. ನಗಿರಿ, ಅಡ್ಡಿಯಿಲ್ಲ! ನನಗೆ ಹೆಣ್ಣು ನೋಡಲು ಹೋದಾಗ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಈ ಪುಣ್ಯಾತ್ಮ ಹಿತ್ತಲಿಗೆ ಹೋಗಿ ಅವರ ಬಾವಿಯ ಮೋಟಾರಿಗೆ ಕಿವಿಗೊಟ್ಟು ನಿಂತಿದ್ದ. "ಮಂದಿ ಛಲೋ ಅದಾರ, ವ್ಯಾಳ್ಯಾಕ್ಕ ಗ್ರೀಸ್ ಹಾಕ್ಯಾರ" ಎಂದು ಸಂಬಂಧಕ್ಕೆ ಮೊದಲು ಒಪ್ಪಿಗೆ ಕೊಟ್ಟವನೂ ಅವನೇ. ಮದುವೆಯಾಗಿ ಹನ್ನೆರಡು ವರ್ಷವಾಯಿತು, ಆ ತೀರ್ಪಿನಲ್ಲಿ ನನಗೆ ಇನ್ನೂ ತಪ್ಪು ಸಿಕ್ಕಿಲ್ಲ.

ಕಾಕಾನದು ಬೈಲಹೊಂಗಲದಲ್ಲಿ ಪಂಪು, ಮೋಟಾರುಗಳ ಅಂಗಡಿ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಒಂದೊಂದು ಶಾಖೆ. ನಾಲ್ಕೂ ಕಡೆಯ ಗಿರಾಕಿಗಳ ಫೋನು ಬಂದು ಬೀಳುವುದು ಬೈಲಹೊಂಗಲದ ಅಂಗಡಿಯ ಗೋಡೆಗೆ ಜಡಿದ ಪೆಟ್ಟಿಗೆಗೆ. ಆ ಪೆಟ್ಟಿಗೆಯ ಪಕ್ಕದಲ್ಲಿ, ಕಾಕಾನ ಎದುರಿಗೆ, ಫೋನು ಎತ್ತುವ ಶಕೀಲಾಬಾಯಿ. ದೊಡವಾಡದಿಂದ ದಿನಾ ಬಸ್ಸಿನಲ್ಲಿ ಬರುವ ಇವರು ಬರೀ ಫೋನು ಎತ್ತುವವರೆಂದು ತಿಳಿಯಬೇಡಿ. ನಮ್ಮ ಕಡೆಯ ರೈತರು ಏನು ಕೆಟ್ಟಿದೆ ಎಂದು ವಿವರಿಸುವ ಗೋಜಿಗೇ ಹೋಗುವುದಿಲ್ಲ, ಫೋನನ್ನು ಸೀದಾ ಮೋಟಾರಿನ ಮುಂದೆ ಹಿಡಿಯುತ್ತಾರೆ. ಶಕೀಲಾಬಾಯಿ ಕಣ್ಣುಮುಚ್ಚಿ ಅರ್ಧ ನಿಮಿಷ ಕೇಳಿ, ಬೇರಿಂಗ್ ಹೋಗಿದೆ ಎಂದೋ, ನೀರಿಲ್ಲದೆ ಬರೀ ಗಾಳಿ ಎಳೆಯುತ್ತಿದೆ ಎಂದೋ ಹೇಳುತ್ತಾರೆ. ಮಿಸ್ತ್ರಿ ಅದಕ್ಕೆ ಬೇಕಾದ ಸಾಮಾನನ್ನಷ್ಟೇ ಹಿಡಿದು ಹೊರಡುತ್ತಾನೆ. ನಮ್ಮ ಎದೆಗೆ ಡಾಕ್ಟರೂ ಇಷ್ಟು ಹೊತ್ತು ಕಿವಿ ಕೊಡುವುದಿಲ್ಲ!

ಈ ವರ್ಷ ಎರಡು ಕಷ್ಟ ಒಟ್ಟಿಗೇ ಬಂದವು. ಪೆಟ್ಟಿಗೆ ಕೆಟ್ಟಿತು, ಅದರ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ. ಶಕೀಲಾಬಾಯಿಯ ಮೊಣಕಾಲೂ ಕೆಟ್ಟವು, ಅವಕ್ಕೆ ಬಿಡಿಭಾಗ ಸಿಗುತ್ತದೆ, ಆದರೆ ಹಾಕಿಸಿಕೊಳ್ಳಲು ಅವರು ತಯಾರಿಲ್ಲ. ದೀಪಾವಳಿ ಮುಗಿದ ಮೇಲೆ ಬರುವುದಿಲ್ಲ ಎಂದು ಹೇಳಿಯೇಬಿಟ್ಟರು. ಕಾಕಾ "ನೋಡೂಣಂತ" ಅಂದ. ಮರುದಿನ ಅವರ ಕುರ್ಚಿಗೆ ಹೊಸ ಗಾದಿ ಬಂತು. ಮರುವಾರ, ದೊಡವಾಡದ ಬಸ್ಸಿನ ಮೆಟ್ಟಿಲನ್ನು ಅರ್ಧ ಅಡಿ ಕೆಳಗಿಳಿಸಬೇಕೆಂದು ಡಿಪೋಕ್ಕೆ ಅರ್ಜಿ ಹೋಯಿತು. ಕಾರು ಕಳಿಸುತ್ತೇನೆಂದರೂ ಅವರು ಒಪ್ಪಲಿಲ್ಲ. ದಿನವಿಡೀ ಕಾಲು ಇಳಿಬಿಟ್ಟು ಕೂರುವುದೇ ಅವರಿಗೆ ತ್ರಾಸಾಗಿತ್ತು.

ಆ ಅರ್ಜಿ ಬರೆದುಕೊಟ್ಟವನು ನಾನು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆಂಬ ಒಂದೇ ತಪ್ಪಿಗೆ ಫೋನಿನ ಪಂಡಿತನೂ ನಾನೇ ಆಗಬೇಕಾಯಿತು. ದಾರಿ ಎರಡಿದ್ದವು. ಅಂಗಡಿಯಲ್ಲೇ ಹೊಸ ಪೆಟ್ಟಿಗೆ ಕೂರಿಸುವುದು ಒಂದು. ಇನ್ನೊಂದು ಕ್ಲೌಡ್. ಅಂದರೆ ಯಂತ್ರವೆಲ್ಲ ಕಂಪನಿಯವರ ಬಳಿ ಎಲ್ಲೋ ಇರುತ್ತದೆ, ಇಂಟರ್ನೆಟ್ಟಿನ ಮೂಲಕ ಫೋನು ಬರುತ್ತದೆ, ಯಾವ ಊರಲ್ಲಿ ಕೂತಾದರೂ ಎತ್ತಬಹುದು. ಇಷ್ಟನ್ನು ಹೇಳಲು ನನಗೆ ಮೂರು ಸಂಜೆ ಹಿಡಿದವು. ಕಾಕಾನದು ಒಂದೇ ಪ್ರಶ್ನೆ: ಹಳೇ ಪೆಟ್ಟಿಗೆ ಕೈಕೊಟ್ಟಾಗ ಎರಡು ಬಡಿದರೆ ಸರಿಹೋಗುತ್ತಿತ್ತು, ಕ್ಲೌಡ್ ಕೈಕೊಟ್ಟರೆ ಎಲ್ಲಿಗೆ ಹೋಗಿ ಬಡಿಯಬೇಕು? ನೀವೇ ಹೇಳಿ, ಯಾವ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಉತ್ತರ ಕಲಿಸುತ್ತಾರೆ?

ಕೊನೆಗೆ ಕಾಕಾ ಎರಡೂ ಕಂಪನಿಯವರನ್ನು ಒಂದೇ ದಿನ ಕರೆಸಿ ಪರೀಕ್ಷೆ ಇಟ್ಟ. ಸವದತ್ತಿ ಅಂಗಡಿಯಲ್ಲಿ ಬೇರಿಂಗ್ ಹೋದ ಮೋಟಾರೊಂದನ್ನು ಚಾಲೂ ಮಾಡಿಸಿ, ಅದರ ಮುಂದೆ ಫೋನು ಹಿಡಿಸಿದ. ಪೆಟ್ಟಿಗೆಯವರ ಫೋನಿನಲ್ಲಿ ಶಕೀಲಾಬಾಯಿ ಕೇಳಿದ ಕೂಡಲೇ ಬೇರಿಂಗ್ ಅಂದರು. ಕ್ಲೌಡಿನ ಫೋನನ್ನು ಕಿವಿಗಿಟ್ಟು ಮಾತ್ರ ಬಹಳ ಹೊತ್ತು ಹುಬ್ಬು ಗಂಟಿಕ್ಕಿ ಕೂತರು. ಆಮೇಲೆ, ಮೋಟಾರು ಬಂದ್ ಆಗಿದೆ ಎಂದುಬಿಟ್ಟರು. ಇತ್ತ ನನ್ನ ಮೊಬೈಲಿನಲ್ಲಿ ಸವದತ್ತಿಯವರು, ಅದು ಕಪಾಟು ಅಲುಗುವಂತೆ ಓಡುತ್ತಿದೆ ಎಂದು ಆಣೆ ಹಾಕುತ್ತಿದ್ದಾರೆ! ಬೆಳಗಾವಿಯಿಂದ ಬಂದಿದ್ದ ಕ್ಲೌಡಿನ ಹೆಣ್ಣುಮಗಳು ಹೆಮ್ಮೆಯಿಂದ ವಿವರಿಸಿದಳು: ಸುತ್ತಲಿನ ಗದ್ದಲವನ್ನೆಲ್ಲ ಸೋಸಿ, ಮನುಷ್ಯರ ದನಿಯನ್ನಷ್ಟೇ ದಾಟಿಸುವುದು ಅವರ ಕಂಪನಿಯ ವಿಶೇಷವಂತೆ.

"ಆ ಗದ್ದಲಾನ ನಮ್ಮ ಧಂದೆರಿ ಮೇಡಂ," ಅಂದ ಕಾಕಾ. "ಅದನ್ನ ಸೋಸಿ ಚೆಲ್ಲಿದ್ರ ನಾವೇನ ಮಾರೂಣು?"

ಅಲ್ಲಿಗೆ ಪೆಟ್ಟಿಗೆ ಗೆದ್ದಿತು ಎಂದು ನಾವೆಲ್ಲ ಅಂದುಕೊಂಡೆವು. ಆದರೆ ಪೆಟ್ಟಿಗೆ ಗೋಡೆಗೆ ಬಂದರೆ ಅದರ ಪಕ್ಕ ಕೂರುವವರು ಯಾರು? ದೀಪಾವಳಿಗೆ ಎರಡೇ ವಾರ ಉಳಿದರೂ ಕಾಕಾ ಆರ್ಡರ್ ಕೊಡಲಿಲ್ಲ. ಹೊಸಬರನ್ನು ಹುಡುಕೋಣವೇ ಎಂದು ಕೇಳಿದೆ. ಅವನು ಎರಡು ದಿನ ನನ್ನೊಡನೆ ಮಾತು ಬಿಟ್ಟ.

ಮೂರನೆಯ ದಿನ ಭಾನುವಾರ. ಬೆಳಿಗ್ಗೆಯೇ ಬಂದು ಕಾರು ಹತ್ತು ಅಂದ. ಇಳಿದದ್ದು ದೊಡವಾಡದಲ್ಲಿ, ಶಕೀಲಾಬಾಯಿಯ ಮನೆ ಮುಂದೆ. ಅಂಗಳದಲ್ಲಿ ನಿಂತೇ ಬೆಳಗಾವಿಯ ಹೆಣ್ಣುಮಗಳಿಗೆ ಫೋನು ಹಚ್ಚಿಸಿ, ಆ ಸೋಸುವ ಜಾಳಿಗೆಯನ್ನು ತೆಗೆಯಲು ಬರುತ್ತದೇನು ಎಂದು ಕೇಳಿದ. ಬರುತ್ತದೆ, ಎರಡು ನಿಮಿಷದ ಕೆಲಸ ಎಂದಳು ಆಕೆ. ಕಾಕಾ ನನ್ನ ಕಡೆ ತಿರುಗಿ ನೋಡಿದ. ಇಷ್ಟು ದಿನ ಪಂಡಿತನಾಗಿ ಓಡಾಡಿದ ನನಗೆ ಈ ಒಂದು ಪ್ರಶ್ನೆ ಯಾಕೆ ಹೊಳೆಯಲಿಲ್ಲವೋ!

ಒಳಗೆ ಹೋದವನೇ, ಇನ್ನು ಮನೆಯಲ್ಲೇ ಕೂತು ಫೋನು ಎತ್ತಬಹುದೆಂದು ಶಕೀಲಾಬಾಯಿಗೆ ಹೇಳಿ, ಮನೆಯ ತಪಾಸಣೆ ಶುರುಮಾಡಿದ. ಇಂಟರ್ನೆಟ್ಟಿನ ತಂತಿ ಯಾವ ಕಿಟಕಿಯಿಂದ ಬರಬೇಕು, ಹಗ್ಗದ ಹೊರಸು ಎಲ್ಲಿ ಹಾಕಿದರೆ ಕಾಲು ಚಾಚಲು ಸರಿ, ಎಲ್ಲ ಅವನೇ ಗೊತ್ತುಮಾಡಿದ. ಅಷ್ಟರಲ್ಲಿ ಹೊರಗೆ ಕೋಳಿ ಕೂಗಿತು. ಗಿರಾಕಿಗಳಿಗೆ ಇದು ಕೇಳಿಸಿದರೆ ಹೇಗೆಂದು ಕಾಕಾ ಚಿಂತೆಗೆ ಬಿದ್ದ. "ಅವರ ಮನ್ಯಾಗೂ ಕೋಳಿ ಅದಾವ್ರಿ ಮಾಲಕ್ರ," ಎಂದರು ಶಕೀಲಾಬಾಯಿ. ಕೆಲವು ದಿನ ಬಿಟ್ಟು, ತಂತಿ ಬಂದ ಮೇಲೆ, ಹೊರಸಿನ ಮೇಲೆ ಕಾಲು ಚಾಚಿ ಕೂತವರಿಗೆ ಸವದತ್ತಿಯ ಮೋಟಾರನ್ನು ಮತ್ತೆ ಕೇಳಿಸಲಾಯಿತು. ಬೇರಿಂಗ್ ಇನ್ನೂ ಬದಲಿಸಿಲ್ಲವೇ ಎಂದು ಅವರು ಸವದತ್ತಿಯವರನ್ನೇ ಬೈದರು. ಕ್ಲೌಡ್ ಪಾಸಾಯಿತು.

ದೀಪಾವಳಿಯ ನಂತರದ ಮೊದಲ ದಿನ ನಾನು ಅಂಗಡಿಗೆ ಹೋಗಿದ್ದೆ. ಫೋನುಗಳೆಲ್ಲ ದೊಡವಾಡಕ್ಕೆ ಹೋಗುತ್ತಿದ್ದವು, ಮಿಸ್ತ್ರಿಗಳು ಸಾಮಾನು ಹಿಡಿದು ಹೊರಡುತ್ತಿದ್ದರು, ಎಲ್ಲ ಸುಸೂತ್ರ. ಕಾಕಾ ಮಾತ್ರ ಎದುರಿನ ಕುರ್ಚಿಯನ್ನೇ ನೋಡುತ್ತ ಕೂತಿದ್ದ. ಮಧ್ಯಾಹ್ನ ಇದ್ದಕ್ಕಿದ್ದಂತೆ ಫೋನು ಎತ್ತಿ ದೊಡವಾಡಕ್ಕೆ ಹಚ್ಚಿದ. ಆ ಕಡೆ ಎತ್ತಿದ ಮೇಲೆ, ಎಷ್ಟು ಫೋನು ಬಂದವೆಂದು ಕೇಳಿದ, ಕೋಳಿ ಕೂಗಿತೇ ಎಂದು ಕೇಳಿದ.

"ಊಟಾ ಆತೇನ ತಂಗಿ?" ಅಂದ ಕೊನೆಗೆ.

ಅತ್ತಲಿಂದ, ಆಯಿತು, ನೀವೂ ಮಾಡಿರಿ ಎಂಬ ಸಣ್ಣ ದನಿ ನನಗೂ ಕೇಳಿಸಿತು. ಫೋನು ಇಟ್ಟು ಕಾಕಾ ಕನ್ನಡಕ ಒರೆಸಿಕೊಂಡ.

"ಇಪ್ಪತ್ತೆರಡ ವರ್ಷ ಇಲ್ಲೇ ಎದುರಿಗೆ ಕುಂತು ಬುತ್ತಿ ಉಂಡ್ಲು," ಅಂದ. "ಒಂದ ದಿನಾನೂ ಕೇಳಿರಲಿಲ್ಲ ನೋಡ."