ಅಜ್ಜಿಯ ಸ್ಟೂಲು ಕಾಣೆಯಾದದ್ದು

ಅಜ್ಜಿ ಎಂದಿನಂತೆ ಹಿಂದೆ ನೋಡದೆ ಕೂತರು. ಸ್ಟೂಲು ಇರಲಿಲ್ಲ, ನೆಲ ಇತ್ತು.

"ಅಯ್ಯೋ ನನ್ನ ಸೊಂಟವೇ! ಎಲ್ಲೇ ನಿನ್ನ ಹಾಳು ಸ್ಟೂಲು?"

ಅಂಗಳದಲ್ಲಿದ್ದ ಮೊಮ್ಮಗಳು ಕಿಟಕಿಯಿಂದ ಇಣುಕಿ ಕಣ್ಣು ಕಣ್ಣು ಬಿಟ್ಟಳು. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿಡುತ್ತಿದ್ದುದರಿಂದ ಅವಳಿಗೆ ಮನೆಯವರು ಇಟ್ಟ ಹೆಸರು ತಿರುಪು. ಮಂಡಿನೋವಿನ ಅಜ್ಜಿಗೆಂದು ಅವಳು ಮಾಡಿದ ಓಡಾಡುವ ಸ್ಟೂಲು ಓಣಿಗೆಲ್ಲ ಸುದ್ದಿಯಾಗಿತ್ತು. ಅಜ್ಜಿಯ ಶಾಲಿಗೆ ಸಿಕ್ಕಿಸಿದ ಒಂದು ಗುಂಡಿ ಎಲ್ಲಿ ಹೋದರೆ ಅಲ್ಲಿಗೆ ಸ್ಟೂಲೂ ಹೋಗುತ್ತಿತ್ತು. ಅಜ್ಜಿ ಎತ್ತ ತಿರುಗಿದರೂ ಗಿರಕಿ ಹೊಡೆದು ಬೆನ್ನ ಹಿಂದೆಯೇ ನಿಲ್ಲುತ್ತಿತ್ತು. ಚಕ್ರ ಕಿರುಗುಟ್ಟುತ್ತದೆಂದು ಅಜ್ಜಿ ಗೊಣಗಿದ್ದಕ್ಕೆ ಅವರದೇ ಹಳೆಯ ಕಾಲುಚೀಲಗಳನ್ನು ಅದಕ್ಕೆ ತೊಡಿಸಿದ್ದಳು. ಬೆಳಿಗ್ಗೆಯಷ್ಟೇ ಗುಂಡಿಯ ಸೆಲ್ ಬೇರೆ ಬದಲಿಸಿದ್ದಳು. ಇನ್ನೇನು ಕೊರತೆ?

ಅಜ್ಜಿಯನ್ನು ಎಬ್ಬಿಸುತ್ತಲೇ ಅಮ್ಮ ಒಳಗಿನಿಂದ ಕೂಗಿದಳು: "ಸಂಜೆಯೊಳಗೆ ಸ್ಟೂಲು ಮನೆಗೆ ಬರ್ಬೇಕು. ಬರ್ಲಿಲ್ವೋ, ನಿನ್ನ ಸ್ಪ್ಯಾನರ್ ಪೆಟ್ಟಿಗೆ ಗುಜರಿಗೆ!"

ಆ ಪೆಟ್ಟಿಗೆ ಎಂದರೆ ತಿರುಪುಗೆ ಪ್ರಾಣ. ಎದ್ದೆನೋ ಬಿದ್ದೆನೋ ಎಂದು ಓಡಿದಳು.

ಎದುರುಮನೆ ಅತ್ತೆ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದರು. "ಅತ್ತೇ, ನಮ್ ಸ್ಟೂಲು ನೋಡಿದ್ರಾ?"

"ನಿನ್ ಹಿಂದೇನೇ ಇದೆಯಲ್ಲೇ!"

ತಿರುಪು ತಿರುಗಿದಳು. ಬರೀ ರಸ್ತೆ.

"ಈಗ್ಲೂ ಹಿಂದೇನೇ ಇದೆ!"

ಮತ್ತೆ ತಿರುಗಿದಳು. ಮತ್ತೂ ರಸ್ತೆ. ಬುಗುರಿಯಂತೆ ಸುತ್ತಿ ಸುತ್ತಿ ಅವಳಿಗೆ ತಲೆ ತಿರುಗಿದರೆ, ನೋಡಿ ನೋಡಿ ಅತ್ತೆಗೂ ತಿರುಗಿತು. ದೊಡ್ಡವರು ಇಂಥ ಹೊತ್ತಲ್ಲಿ ತಮಾಷೆ ಮಾಡಬಾರದು ಎಂದುಕೊಂಡು ತಿರುಪು ಮುಂದೆ ನಡೆದಳು.

ದರ್ಜಿ ಮಾವ ಸೂಜಿಗೆ ದಾರ ಪೋಣಿಸುತ್ತ ತಲೆ ಬಗ್ಗಿಸಿಯೇ ಕೇಳಿಸಿಕೊಂಡರು.

"ಕಂಡ್ರೆ ಹಿಡಿದುಹಾಕಿ ಮಾವ. ಬಿಡ್ಬೇಡಿ!"

"ಬಿಡ್ತೀನಾ? ನನ್ ಕೈಗೆ ಸಿಕ್ಕಿದ್ರೆ ಅದು ಇನ್ನೊಂದ್ಸಲ ಓಡಲ್ಲ, ಹೋಗು."

ಕೊನೆಗೆ ಕ್ಷೌರದಂಗಡಿ. ಬಾಯಿ ತೆರೆಯುವ ಮೊದಲೇ ಎದುರಿನ ದೊಡ್ಡ ಕನ್ನಡಿ ಕಣ್ಣಿಗೆ ಬಿತ್ತು. ಅದರಲ್ಲಿ ತಿರುಪು, ಅವಳ ಬೆನ್ನ ಹಿಂದೆ ಅಜ್ಜಿಯ ಕಾಲುಚೀಲ ತೊಟ್ಟು ಸಾಧುವಿನಂತೆ ನಿಂತ ಸ್ಟೂಲು! ತಿರುಗಿದಳು, ಇಲ್ಲ. ಕನ್ನಡಿ ನೋಡಿದಳು, ಇದೆ. ಮೆಲ್ಲಗೆ ಜೇಬಿಗೆ ಕೈ ಹಾಕಿದಳು. ಸೆಲ್ ಬದಲಿಸಿದ ಗುಂಡಿ ಅಲ್ಲೇ ಬೆಚ್ಚಗೆ ಕೂತಿತ್ತು.

"ನನ್ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡು, ನಕ್ಕು, ಮನೆಯ ದಾರಿ ಹಿಡಿದಳು. ಹಿಂದೆ ನೋಡುವ ಗೋಜಿಗೇ ಹೋಗಲಿಲ್ಲ. ದರ್ಜಿಯಂಗಡಿಯ ಮುಂದಂತೂ ಎದೆಯುಬ್ಬಿಸಿ ನಡೆದಳು.

ಬಾಗಿಲಲ್ಲಿ ಅಮ್ಮ, ಅಜ್ಜಿ ಕಾಯುತ್ತಿದ್ದರು.

"ಎಲ್ಲೇ ಸ್ಟೂಲು?"

"ಕಾಣಿಸ್ತಿಲ್ವಾ? ನೋಡ್ತಿರಿ!" ಎಂದವಳೇ ಕೈಕಟ್ಟಿ, ಗತ್ತಿನಿಂದ ಕೂತಳು.

ಧೊಪ್ಪೆಂದಿತು.

ಅಷ್ಟರಲ್ಲಿ ದರ್ಜಿ ಮಾವ ಏದುಸಿರು ಬಿಡುತ್ತ ಬಂದರು, ಕಂಕುಳಲ್ಲಿ ಸ್ಟೂಲು. "ನೀನು ಹೇಳಿದ ಹಾಗೇ ಹಿಡಿದೆ ಕಣಮ್ಮ! ನಿನ್ನ ಬೆನ್ನು ಹತ್ತಿ ಬರ್ತಿತ್ತು ಕಳ್ಳಂದು. ಇನ್ನೆಲ್ಲಿಗೂ ಹೋಗ್ದಿರೋ ಹಾಗೆ ಚಕ್ರ, ತಂತಿ ಎಲ್ಲಾ ಕಿತ್ತು ಎಸೆದಿದೀನಿ."

ಅಜ್ಜಿ ಸ್ಟೂಲನ್ನು ಅಲ್ಲಾಡಿಸಿ ನೋಡಿದರು. ಹಿಂದೆ ನೋಡಿಕೊಂಡೇ ಕೂತರು. "ಅಬ್ಬ! ಈಗ ಸರಿಹೋಯ್ತು ನೋಡು. ರಿಪೇರಿ ಅಂದ್ರೆ ಇದು."

ಅಮ್ಮ ಮಾತಿಗೆ ತಪ್ಪುವವಳಲ್ಲ. ಸ್ಟೂಲು ಸಂಜೆಯೊಳಗೆ ಬಂದಿದ್ದರಿಂದ ಸ್ಪ್ಯಾನರ್ ಪೆಟ್ಟಿಗೆಯನ್ನು ಗುಜರಿಗೆ ಹಾಕಲಿಲ್ಲ. ಒಳಗಿನಿಂದ ತಂದು, ಕೆಲಸ ಬಲ್ಲವರ ಹತ್ತಿರ ಇರಲಿ ಎಂದು ದರ್ಜಿ ಮಾವನ ಕೈಗಿಟ್ಟಳು.