ಹೊಸ ಗಿರಾಕಿಗಳ ಹೊತ್ತು

ಹೆಂಡತಿ: ಹತ್ತೂ ಇಪ್ಪತ್ತಾಯ್ತು ರೀ. ಇನ್ನೂ ಗೆರೆ ಎಳೀತಾನೇ ಇದೀರಲ್ಲ!

ಗಂಡ: ಗೆರೆ ಅಲ್ಲ ಕಣೇ, ವೇಳಾಪಟ್ಟಿ. ದಿನದ ಶಕ್ತಿಯೆಲ್ಲ ಎಲ್ಲಿ ಸೋರಿಹೋಗ್ತಿದೆ ಅಂತ ಗೊತ್ತಾಗಬೇಕಲ್ಲ?

ಹೆಂಡತಿ: ನಂಗೆ ಗೊತ್ತು. ಸ್ಕೆಚ್ ಪೆನ್ನಲ್ಲಿ ಸೋರಿಹೋಗ್ತಿದೆ. ಮೂರು ದಿನದಿಂದ.

ಗಂಡ ಮನೆ, ಸೈಟು ಮಾರಿಸಿಕೊಡುವ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದ. ಮೂರು ತಿಂಗಳಿಂದ ಅವನ ಕೈಯಲ್ಲಿ ಒಂದು ಮನೆಯೂ ಮಾರಾಟವಾಗಿರಲಿಲ್ಲ. "ದಿನಾ ಬೆಳಿಗ್ಗೆ ಎರಡು ಗಂಟೆ ಹೊಸಬರಿಗೆ ಫೋನ್ ಮಾಡು. ಸೋಮವಾರದೊಳಗೆ ಒಂದಾದರೂ ಮನೆ ನೋಡ್ಕೊಂಡು ಬಾ. ಇಲ್ದಿದ್ರೆ ಒಳಗೆ ಕೂತು ಫೈಲು ಜೋಡಿಸು" ಎಂದು ಮಾಲೀಕ ಹೇಳಿಬಿಟ್ಟಿದ್ದ. ಅಂದು ಶುಕ್ರವಾರ. ಹೆಂಡತಿಗೆ ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಮಧ್ಯಾಹ್ನದ ಪಾಳಿ. ಊಟದ ಮೇಜಿನ ಮೇಲೆ ಒಂದು ದೊಡ್ಡ ಹಾಳೆ, ಬಣ್ಣದ ಪೆನ್ನುಗಳು, ಹಿಂದೆಂದೋ ತಮ್ಮ ಮನೆಯ ಬೆಲೆ ವಿಚಾರಿಸಿದ್ದವರ ನಂಬರುಗಳ ಪಟ್ಟಿ. ಆ ಪಟ್ಟಿಯ ಮೇಲೆ ಕಾಫಿ ಲೋಟ.

ಹೆಂಡತಿ: ಕೆಂಪು ಅಂದ್ರೆ ಏನು?

ಗಂಡ: ಹೊಸಬರಿಗೆ ಫೋನ್. ಮೈಯಲ್ಲಿ ಕಸುವು ಜಾಸ್ತಿ ಇರೋ ಹೊತ್ತು.

ಹೆಂಡತಿ: ನೀಲಿ?

ಗಂಡ: ಸಣ್ಣಪುಟ್ಟ ಕೆಲಸ. ಕಾಗದ ಪತ್ರ ಇತ್ಯಾದಿ.

ಹೆಂಡತಿ: ಹಸಿರು?

ಗಂಡ: ವಿಶ್ರಾಂತಿ.

ಹೆಂಡತಿ: ಹಾಳೆ ತುಂಬ ಹುಲ್ಲು ಬೆಳೆದುಬಿಟ್ಟಿದೆಯಲ್ರೀ! ಒಂದು ಹಸು ಕಟ್ಟಬಹುದು.

ಗಂಡ: ದಣಿದ ದನಿಯಲ್ಲಿ ಮಾತಾಡಿದ್ರೆ ಗಿರಾಕಿಗೆ ತಕ್ಷಣ ಗೊತ್ತಾಗಿಬಿಡುತ್ತೆ.

ಹೆಂಡತಿ: ದಣಿಯೋಕಾದ್ರೂ ಏನಾದ್ರೂ ಮಾಡಬೇಕಲ್ಲ! ಇದೇನಿದು, ಒಂಬತ್ತರಿಂದ ಹತ್ತು 'ಶಕ್ತಿ ಸಂಚಯ'?

ಗಂಡ: ಸುಮ್ನೆ ಕೂರೋದು.

ಹೆಂಡತಿ: ಅದರಲ್ಲಿ ನೂರಕ್ಕೆ ನೂರು ತಗೊಂಡಿದೀರ. ಹತ್ತರಿಂದ ಹನ್ನೆರಡು ಕೆಂಪು. ತೆಗೀರಿ ಫೋನು.

ಗಂಡ: ಚಾರ್ಜಿಗೆ ಹಾಕಿದೀನಿ.

ಹೆಂಡತಿ: ಅದೂ ಶಕ್ತಿ ಸಂಚಯ ಮಾಡ್ತಿದೆಯಾ? ನಿಜ ಹೇಳಿ. ಹೆದರಿಕೆನಾ?

ಗಂಡ: ಯಾರಿಗೆ? ನಂಗಾ? ಹತ್ತು ವರ್ಷ ಆಯ್ತು ಈ ಕೆಲಸಕ್ಕೆ ಬಂದು... ಹೂಂ.

ಅವನು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದ. ಅದು ನೀಲಿ ಪೆನ್ನಿನ ಮುಚ್ಚಳವೆಂದು ತಿಳಿದು ಮತ್ತೆ ತೆಗೆದ.

ಗಂಡ: ಹೋದ ತಿಂಗಳು ಒಬ್ಬ ಹೆಂಗಸಿಗೆ ಫೋನ್ ಮಾಡಿ, 'ನಿಮ್ಮನೆ ಮಾರೋ ವಿಚಾರ ಎಲ್ಲಿಗೆ ಬಂತು ಮೇಡಂ' ಅಂದೆ. ಬೆಲೆ ವಿಚಾರಿಸಿದ್ದು ಅವಳ ಗಂಡ. ಅವಳಿಗೆ ಸುದ್ದೀನೇ ಗೊತ್ತಿಲ್ಲ!

ಹೆಂಡತಿ: ಅಯ್ಯೋ ದೇವರೇ!

ಗಂಡ: ಲೈನಲ್ಲೇ ಜಗಳ. ಪಾತ್ರೆ ಬಿದ್ದ ಸದ್ದು. ಆಮೇಲೆ ಅವನು ಫೋನ್ ಕಿತ್ಕೊಂಡು, 'ನಿನ್ನ ಮನೆ ಹುಡುಕ್ಕೊಂಡು ಬರ್ತೀನಿ' ಅಂದ.

ಹೆಂಡತಿ: ಬರಲಿ ಬಿಡಿ. ಗಿರಾಕಿನೇ ಮನೆ ಬಾಗಿಲಿಗೆ ಬಂದ ಹಾಗಾಯ್ತು.

ಗಂಡ: ನಗಬೇಡ ಕಣೇ. ಅವತ್ತಿಂದ ಫೋನ್ ಕೈಗೆತ್ತಿಕೊಂಡ್ರೆ ಸಾಕು, ಚಾರ್ಜಿಗೆ ಹಾಕಿಬಿಡ್ತೀನಿ.

ಹೆಂಡತಿ ನಗು ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

ಹೆಂಡತಿ: ನಾನು ದಿನಾ ನಲವತ್ತು ಜನಕ್ಕೆ ಫೋನ್ ಮಾಡ್ತೀನಿ. 'ನಾಳೆ ಬನ್ನಿ, ಹಲ್ಲು ಕೀಳಬೇಕು' ಅಂತ. ಯಾರಾದ್ರೂ 'ಆಹಾ, ನಿಮ್ಮ ಫೋನಿಗೇ ಕಾಯ್ತಿದ್ದೆ' ಅಂತಾರಾ? ನೆನ್ನೆ ಒಬ್ಬರು, 'ಆ ಮನುಷ್ಯ ತೀರಿಹೋದ್ರು' ಅಂತ ತಮ್ಮ ಬಗ್ಗೆ ತಾವೇ ಹೇಳಿದ್ರು.

ಗಂಡ: ನೀನೇನಂದೆ?

ಹೆಂಡತಿ: 'ಪರವಾಗಿಲ್ಲ ಸಾರ್, ಮುಂದಿನ ವಾರಕ್ಕೆ ಬರ್ಕೊಳ್ಲಾ?' ಅಂದೆ. ಬುಧವಾರ ಬರ್ತಾರೆ.

ಅವಳು ಕಾಫಿ ಲೋಟ ಸರಿಸಿ, ಪಟ್ಟಿಯ ಮೊದಲ ನಂಬರನ್ನು ತನ್ನ ಫೋನಿನಲ್ಲಿ ಒತ್ತಿ, ಸ್ಪೀಕರ್ ಹಾಕಿ ಅವನ ಕೈಗಿಟ್ಟಳು.

ಗಂಡ: ಏಯ್, ನಾನಿನ್ನೂ ಗಂಟಲು ಸರಿ ಮಾಡ್ಕೊಂಡಿಲ್ಲ—

ಫೋನಿನ ದನಿ: ಅಂತೂ ಮಾಡಿದ್ಯಲ್ಲಪ್ಪಾ! ನಿನ್ನ ಫೋನಿಗೇ ಕಾಯ್ತಾ ಕೂತಿದೀವಿ!

ವಯಸ್ಸಾದ ಹೆಂಗಸಿನ ದನಿ. ಗಂಡ ಕಣ್ಣು ಬಿಟ್ಟುಕೊಂಡು ಹೆಂಡತಿಯನ್ನು ನೋಡಿದ.

ಗಂಡ: ನನ್ನ ಫೋನಿಗಾ ಅಮ್ಮ?

ಅಜ್ಜಿ: ಇನ್ಯಾರದಕ್ಕೆ? ಎಲ್ಲಿದೀಯ ಈಗ?

ಗಂಡ: ಮನೇಲಿ.

ಅಜ್ಜಿ: ಮನೇಲಿ ಕೂತ್ರೆ ಹೇಗಪ್ಪಾ? ಇಲ್ಲಿ ಪಾದ ಮುಳುಗೋ ಅಷ್ಟು ನೀರು!

ಗಂಡ: ಇಲ್ಲಮ್ಮ, ನಾನು ಮನೆ ವಿಷಯ ಮಾತಾಡೋಣ ಅಂತ...

ಅಜ್ಜಿ: ನಾನೂ ಮನೆ ವಿಷಯಾನೇ ಹೇಳ್ತಿರೋದು! ಅಡುಗೆಮನೆ ಪೈಪು ಒಡೆದುಹೋಗಿದೆ. ನನ್ನ ತಂಗಿ ಬಟ್ಟೆ ತುರುಕಿ ಹಿಡ್ಕೊಂಡು ಕೂತಿದಾಳೆ.

ತಂಗಿ (ದೂರದಿಂದ): ಕೈ ಬಿದ್ದುಹೋಗ್ತಿದೆ ಅಕ್ಕಾ!

ಗಂಡ: ಅಮ್ಮ, ನಾನು ಪ್ಲಂಬರ್ ಅಲ್ಲ. ಮನೆ ಮಾರಿಸ್ಕೊಡೋನು.

ಅಜ್ಜಿ: ಮುಳುಗಿದ ಮೇಲೆ ಯಾರಪ್ಪಾ ಕೊಳ್ತಾರೆ?

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಗಂಡ ಮಾತ್ರ ನಗಲಿಲ್ಲ; ಎದ್ದು ನಿಂತ. ಹತ್ತು ವರ್ಷದಲ್ಲಿ ಅವನು ಹೊಕ್ಕು ಬಂದ ಮನೆಗಳಿಗೆ ಲೆಕ್ಕವಿರಲಿಲ್ಲ.

ಗಂಡ: ಹಳೇ ಮನೆನಾ ಅಮ್ಮ? ನೀರಿನ ಮೀಟರ್ ಎಲ್ಲಿದೆ?

ಅಜ್ಜಿ: ಮುಂಬಾಗಿಲ ಪಕ್ಕ, ನೆಲದಲ್ಲಿ. ಮೇಲೊಂದು ಮುಚ್ಚಳ ಇದೆ.

ಗಂಡ: ಅದನ್ನ ಎತ್ತಿ. ಒಳಗೊಂದು ವಾಲ್ವ್ ಇರುತ್ತೆ. ಬಲಗಡೆಗೆ ತಿರುಗಿಸಿ.

ಅಜ್ಜಿ: ತಿರುಗ್ತಿಲ್ಲ ಕಣಪ್ಪ.

ಗಂಡ: ತುಕ್ಕು ಹಿಡಿದಿರುತ್ತೆ. ಬಟ್ಟೆ ಸುತ್ತಿ, ಗಟ್ಟಿ ಹಿಡಿದು ತಿರುಗಿಸಿ.

ಅಜ್ಜಿ: ಬಟ್ಟೆಯೆಲ್ಲ ನನ್ನ ತಂಗಿ ಹತ್ರ ಇದೆ!

ಗಂಡ: ಬಾಗಿಲಲ್ಲಿ ಕಾಲೊರಸು ಇಲ್ವಾ? ಅದನ್ನೇ ಸುತ್ತಿ. ನಿಧಾನ... ಇನ್ನೊಂಚೂರು...

ಫೋನಿನಲ್ಲಿ ಅಜ್ಜಿಯ ಮುಲುಕು, ಕಬ್ಬಿಣದ ಕಿರ್ರೆನ್ನುವ ಸದ್ದು. ಆಮೇಲೆ ಎಲ್ಲ ತಣ್ಣಗಾಯಿತು.

ತಂಗಿ: ನಿಂತೋಯ್ತು ಅಕ್ಕಾ!

ಅಜ್ಜಿ: ನಿನ್ನ ಹೊಟ್ಟೆ ತಣ್ಣಗಿರಲಪ್ಪ! ಆ ಪ್ಲಂಬರ್‌ಗೆ ಏಳು ಸಲ ಮಾಡ್ದೆ, ಎತ್ತಲಿಲ್ಲ. ನೀನು ಕರೀದೇನೇ ಬಂದೆ. ಈಗ ಹೇಳು, ನಿನ್ನ ವಿಷಯ ಏನು?

ಗಂಡ: ಅದೇ... ಈ ಮನೆ ಮಾರೋ ಯೋಚನೆ ಏನಾದ್ರೂ...

ಅಜ್ಜಿ: ಹತ್ತು ನಿಮಿಷದ ಹಿಂದೆ ಇರಲಿಲ್ಲ. ಈಗ ಇದೆ. ಸಂಜೆ ನಾಲ್ಕಕ್ಕೆ ಬಾ, ನೋಡು.

ತಂಗಿ: ನಾನು ಹೋದ ವರ್ಷಾನೇ ಇವರಿಗೆ ಫೋನ್ ಮಾಡಿ ಬೆಲೆ ಕೇಳಿದ್ದೆ!

ಅಜ್ಜಿ: ಏನಂದೆ? ನನಗೆ ಒಂದು ಮಾತು ಹೇಳದೇನೇ?

ಗಂಡ: ನಾಲ್ಕಕ್ಕೆ ಬರ್ತೀನಮ್ಮ! ಪ್ಲಂಬರ್‌ನೂ ಕರ್ಕೊಂಡೇ ಬರ್ತೀನಿ! ವಿಳಾಸ ಮೆಸೇಜ್ ಮಾಡಿ!

ಅವನು ಬೆಂಕಿ ಮುಟ್ಟಿದವನ ಹಾಗೆ ಫೋನ್ ಕಟ್ ಮಾಡಿದ. ಹಣೆಯ ಬೆವರು ಒರೆಸಿಕೊಂಡ. ಮರುಕ್ಷಣವೇ ಪಟ್ಟಿಯ ಎರಡನೆಯ ನಂಬರು ಒತ್ತಿದ.

ಮುಂದಿನ ಎರಡು ಗಂಟೆ ಅವನು ಮೇಜಿನ ಸುತ್ತ ತಿರುಗುತ್ತ ಹದಿನೆಂಟು ಜನಕ್ಕೆ ಫೋನ್ ಮಾಡಿದ. ಹನ್ನೊಂದು ಜನ ಬೇಡವೆಂದರು. ಇಬ್ಬರು ಬೈದರು, ಅದರಲ್ಲೊಬ್ಬರು ಬಹಳ ಚೆನ್ನಾಗಿಯೇ ಬೈದರು. ನಾಲ್ವರು ಎತ್ತಲಿಲ್ಲ. ಒಬ್ಬರು ಬಸ್ಸಿನಲ್ಲಿದ್ದೇನೆ, ಆಮೇಲೆ ಮಾತಾಡೋಣ ಎಂದರು. ಫೋನ್ ಚಾರ್ಜಿಗೆ ಹಾಕುವ ನೆನಪೇ ಅವನಿಗೆ ಬರಲಿಲ್ಲ. ಹಸಿವು ಮಾತ್ರ ಆಗತೊಡಗಿತು.

ಹೆಂಡತಿ: ಸಾಕು, ಕೊಡಿ ಇಲ್ಲಿ. ನಂಗೆ ಹೊತ್ತಾಯ್ತು.

ಗಂಡ: ಇನ್ನೊಂದೇ ಒಂದು ಕಣೇ! ಕಸುವು ಈಗ ತಾನೇ ಬಂದಿದೆ!

ಹೆಂಡತಿ: ನಿಮ್ಮ ಕಸುವು ನಿಮ್ಮ ಹತ್ರಾನೇ ಇರಲಿ. ನನ್ನ ಫೋನ್ ಕೊಡಿ.

ಫೋನು ಬ್ಯಾಗಿಗೆ ಹಾಕಿಕೊಂಡು ಅವಳು ದಡದಡನೆ ಮೆಟ್ಟಿಲಿಳಿದು ಹೋದಳು. ಗಂಡ ತಟ್ಟೆಗೆ ಬಡಿಸಿಕೊಂಡು ಕೂತ. ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಅವನಿಗೆ ಹೊಳೆಯಿತು: ಇಷ್ಟೂ ಜನರ ಹತ್ತಿರ ಈಗಿರುವುದು ಅವಳ ನಂಬರು! ಎಂಜಲು ಕೈಯಲ್ಲೇ ತನ್ನ ಫೋನನ್ನು ಚಾರ್ಜರಿನಿಂದ ಕಿತ್ತುಕೊಂಡು ಅವಳಿಗೆ ಮಾಡಿದ.

ಗಂಡ: ಹಲೋ! ಲೇ, ಯಾರಾದ್ರೂ ವಾಪಸ್ ಫೋನ್ ಮಾಡಿದ್ರೆ—

ಹೆಂಡತಿ: ಮಾಡಿದ್ರು. ಇಬ್ಬರು. ಬಸ್ ಸ್ಟಾಪಿಗೆ ಬರೋದ್ರೊಳಗೆ. ಒಬ್ಬರಿಗೆ 'ನಾಳೆ ಹನ್ನೊಂದಕ್ಕೆ ಬಂದು ನಿಮ್ಮನೆ ನೋಡ್ತೀವಿ' ಅಂದಿದೀನಿ.

ಗಂಡ: ನೋಡ್ತೀವಾ? ಅವರು ನನ್ನ ಗಿರಾಕಿ ಕಣೇ!

ಹೆಂಡತಿ: ನನ್ನ ಫೋನಿಗೆ ಬಂದವರು ನಿಮ್ಮ ಗಿರಾಕಿ ಹೇಗಾಗ್ತಾರೆ? ತಡೀರಿ, ಇನ್ನೊಂದು ಕಾಲ್ ಬರ್ತಿದೆ. ನೀವು ಮನೆ ಕೊಳ್ಳೋರೋ, ಮಾರೋರೋ?

ಗಂಡ: ಎರಡೂ ಅಲ್ಲ! ನಾನು ಮನೇಲಿರೋನು!

ಹೆಂಡತಿ: ಹಾಗಾದ್ರೆ ನಿಮಗೇನೂ ಅರ್ಜೆಂಟಿಲ್ಲ. ಆಮೇಲೆ ನಾವೇ ಮಾಡ್ತೀವಿ.