ಪಿಸ್ತೂಲಿಗೆ ಅಂಗಿ ಹೊಲಿಯುತ್ತೇನೆ, ಏನೀಗ?

ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಹೀಗೆಲ್ಲ ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನನಗಂತೂ "ಏನ್ ಕೆಲಸಾ ಮಾಡ್ತೀರಿ?" ಅಂತ ಯಾರಾದರೂ ಕೇಳಿದರೆ ಸಾಕು, ಅಲ್ಲೇ ಒಂದು ಫಜೀತಿ ಹುಟ್ಟಿಕೊಳ್ಳುತ್ತದೆ.

ನಾನು ಕೆನಡಾದ ಬರ್ಲಿಂಗ್ಟನ್ನಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕೂತು ಸಣ್ಣ ಪಿಸ್ತೂಲುಗಳಿಗೆ ಚರ್ಮದ ಚೀಲ ಹೊಲಿಯುತ್ತೇನೆ. ಹೋಲ್‌ಸ್ಟರ್ ಅನ್ನುತ್ತಾರೆ. ಸೊಂಟಕ್ಕೆ ಕಟ್ಟುವಂಥದ್ದಲ್ಲ, ಪ್ಯಾಂಟಿನ ಕಿಸೆಯೊಳಗೆ ಇಡುವಂಥದ್ದು. ಹೊರಗಿನಿಂದ ನೋಡಿದರೆ ಕಿಸೆಯಲ್ಲಿ ಪಾಕೀಟು ಇದೆ ಅನ್ನಿಸಬೇಕು. ಒಳಗೆ ಟ್ರಿಗರ್ ಪೂರಾ ಮುಚ್ಚಿರಬೇಕು, ಕೀಲಿಕೈ ತಾಗಿ ಗುಂಡು ಹಾರಬಾರದು. ಈ ದೇಶದಲ್ಲಿ ಪಿಸ್ತೂಲು ಕಿಸೆಯಲ್ಲಿಟ್ಟುಕೊಂಡು ತಿರುಗಿದರೆ ಜೈಲು ಗ್ಯಾರಂಟಿ. ಹಾಗಾಗಿ ನನ್ನ ಗಿರಾಕಿಗಳೆಲ್ಲ ಗಡಿಯಾಚೆ, ಅಮೆರಿಕದವರು.

ಧಾರವಾಡದಿಂದ ಬಂದ ಮೇಲೆ ಬೆಲ್ಟು, ನಾಯಿಪಟ್ಟಿ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ನನಗೆ ಆಫೀಸಿನ ಕೆಲಸ ಸಿಕ್ಕಿತ್ತು. ಕಂಪ್ಯೂಟರ್ ಮುಂದೆ ಕೂತು ಬೇಸರವಾದಾಗಲೆಲ್ಲ ಹಿಂದಿನ ಶೆಡ್ಡಿಗೆ ಹೋಗಿ ಹೊಲಿಗೆ ಕಲಿತೆ. 2015ರಲ್ಲಿ ಮಾಲೀಕ ವಯಸ್ಸಾಯಿತು ಅಂತ ಕಾರ್ಖಾನೆ ಮುಚ್ಚಿದ. ಹೋಗುವಾಗ ತನ್ನ ಸೂಜಿ, ಆರಿ, ಕತ್ತರಿ ಎಲ್ಲ ನನಗೇ ಕೊಟ್ಟ. "ಬ್ಯಾರೆ ಆಫೀಸ್ ಹುಡುಕು" ಅಂದರು ನನ್ನ ಗಂಡ. ನಾನು ಹುಡುಕಲಿಲ್ಲ.

ನಮ್ಮ ಮಂದಿ

ಮಿಸಿಸಾಗಾದ ಶಾಲೆಯೊಂದರ ಹಾಲಿನಲ್ಲಿ ಯುಗಾದಿ ಊಟ. ನಮ್ಮ ಕಡೆಯವರೇ, ಬೆಳಗಾವಿಯವರು, ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿರುವವರೊಬ್ಬರು ನನ್ನನ್ನು ಬದಿಗೆ ಕರೆದರು.

"ವೈನಿ, ಚರ್ಮದ ಕೆಲಸಾ ಅಂತ ಎಲ್ಲಾರ ಮುಂದ ಹೇಳಬ್ಯಾಡ್ರಿ. ನಮ್ಮ ಮಂದಿ ಮಾಡೋ ಕೆಲಸ ಅಲ್ಲದು. ಡಿಸೈನಿಂಗ್ ಅಂತ ಹೇಳ್ರಿ, ಛಲೋ ಇರ್ತದ."

ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದೆ. "ನಿಮ್ಮ ಬೆಲ್ಟು ಚರ್ಮದ್ದು, ಬೂಟು ಚರ್ಮದ್ದು. ಹೊಸಾ ಕಾರಿನ ಸೀಟು ಇಟಾಲಿಯನ್ ಲೆದರ್ ಅಂತ ನೀವ ಈಗ ಹೇಳಿದ್ರಿ. ಹಾಕ್ಕೊಳ್ಳೋದು, ಕೂಡೋದು ನಮ್ಮ ಮಂದಿ ಕೆಲಸ, ಹೊಲಿಯೋದು ಮಾತ್ರ ಅಲ್ಲೇನ್ರಿ?"

ಅವರು ಹೋಳಿಗೆಯ ಕಡೆ ನಡೆದರು. ಅಲ್ಲಿ ಬಹಳ ಹೊತ್ತು ನಿಂತರು.

ಊಟ ಮುಗಿದು ನಾನು ಕಾರಿನ ಡಿಕ್ಕಿಯಲ್ಲಿ ಸಾಮಾನು ಇಡುತ್ತಿದ್ದಾಗ ಹಿಂದಿನಿಂದ ಯಾರೋ ಕೆಮ್ಮಿದರು. ನೋಡಿದರೆ ಇವರೇ. ಆ ಕಡೆ ಈ ಕಡೆ ನೋಡಿ, ಸಣ್ಣ ದನಿಯಲ್ಲಿ, "ವೈನಿ, ತೂತು ಹಾಕೋ ಸಾಮಾನು ನಿಮ್ಮ ಕಡೆ ಇರ್ತದಲ್ಲ? ಬೆಲ್ಟು ಕಡೀ ತೂತಿಗೂ ಬರವಲ್ದು" ಅಂದರು.

ಸಾಮಾನಿನ ಡಬ್ಬಿ ಕಾರಿನಲ್ಲೇ ಇತ್ತು. ಡಿಕ್ಕಿಯ ಮೇಲೆಯೇ ಬೆಲ್ಟು ಇಟ್ಟು ಇನ್ನೊಂದು ತೂತು ಹಾಕಿಕೊಟ್ಟೆ. "ಚಿಂತಿ ಮಾಡಬ್ಯಾಡ್ರಿ. ಯಾರರ ಕೇಳಿದ್ರ ಡಿಸೈನಿಂಗ್ ಮಾಡಿಕೊಟ್ಟೆ ಅಂತೀನಿ."

ಕುದುರೆ

ನನ್ನ ಹಟ ಬಿಡಿಸಲು ಗಂಡ ಕೊನೆಗೆ ತಮ್ಮ ತಾಯಿಯನ್ನು ಗೋಕಾಕದಿಂದ ಕರೆಸಿದರು. ಬೇಸಿಗೆ ಕಳೆಯಲು ಬಂದದ್ದು ಅಂತ ಹೆಸರು. ನಿಜವಾದ ಕೆಲಸ ನನಗೆ ಬುದ್ಧಿ ಹೇಳುವುದು. ನಮ್ಮತ್ತೆ ಬಂದ ಮರುದಿನವೇ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತರು. ಕೆಳಗಿಳಿಯಲಿಲ್ಲ.

"ಯಾವುದರ ಚರ್ಮಾ ಅದು?"

ಸುಳ್ಳು ಹೇಳುವ ಅಗತ್ಯ ಬೀಳಲಿಲ್ಲ. ಆ ಸಲ ತರಿಸಿದ್ದು ಕುದುರೆಯದೇ. "ಕುದುರಿದ್ರಿ ಅತ್ತಿ."

ಅವರು ಒಂದು ಮೆಟ್ಟಿಲು ಇಳಿದರು. "ನಮ್ಮ ಮಾವನವರು ದಿನಾ ಕುದುರಿ ಮ್ಯಾಲ ಕೂತು ಹೊಲಕ್ಕ ಹೋಗ್ತಿದ್ರು. ಬಂದು ಹಂಗ ಊಟಕ್ಕ ಕೂಡ್ತಿದ್ರು. ಕೂತರ ಮೈಲಿಗಿ ಇಲ್ಲಂದ್ರ ಮುಟ್ಟಿದ್ರ ಎಲ್ಲೀ ಮೈಲಿಗಿ?" ಅನ್ನುತ್ತ ಕೆಳಗೆ ಇಳಿದೇಬಿಟ್ಟರು. ಹೊಲಿಗೆ ಸ್ವಲ್ಪ ಸೊಟ್ಟಗಾದ ಒಂದು ಚೀಲವನ್ನು ಎತ್ತಿಕೊಂಡು ಅದರಲ್ಲಿ ತಮ್ಮ ಅಡಿಕೆ ಡಬ್ಬಿ ಇಟ್ಟರು. ಕರಾರುವಾಕ್ಕಾಗಿ ಕೂತಿತು. ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಹೋಗಿ ಮಗನಿಗೆ ಹೇಳಿದರು: "ಅಕಿ ಕೆಲಸಕ್ಕ ಅಡ್ಡ ಬರಬ್ಯಾಡ."

ಆ ವಾರ ರಿಚ್ಮಂಡ್ ಹಿಲ್ಲಿನ ಗುಡಿಗೆ ಹೋದೆವು. ಪ್ರಸಾದಕ್ಕೆ ಉದ್ದ ಸಾಲು. ಅತ್ತೆ ಸೊಂಟದಿಂದ ಚೀಲ ತೆಗೆದು ಅಡಿಕೆ ಬಾಯಿಗೆ ಹಾಕಿಕೊಂಡರು. ಮುಂದೆ ನಿಂತಿದ್ದ ಹೆಂಗಸು ತಿರುಗಿ, "ಎಷ್ಟು ಚೆನ್ನಾಗಿದೆ ಅಜ್ಜಿ, ಏನಿದು?" ಅಂದಳು.

ಅತ್ತೆಗೆ ಕಿವಿ ಮಂದ, ದನಿ ಜೋರು. "ಪಿಸ್ತೂಲಿಂದು ಯವ್ವಾ. ನನ್ನ ಸೊಸಿ ಮಾಡ್ಯಾಳ. ಮನ್ಯಾಗ ರಾಶಿ ಬಿದ್ದಾವ."

ಇಡೀ ಸಾಲಿಗೆ ಕೇಳಿಸಿತು. ಮುಂದಿದ್ದವರು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು. ನಾವು ನೇರ ಪ್ರಸಾದದ ಪಾತ್ರೆಯ ಮುಂದೆ ನಿಂತೆವು. ಅತ್ತೆ ಪುಳಿಯೋಗರೆ ಇಸಿದುಕೊಂಡು ನನ್ನ ಕಡೆ ತಿರುಗಿದರು.

"ಈ ದೇಶದಾಗ ವಯಸ್ಸಾದವರಿಗೆ ಭಾಳ ಮರ್ಯಾದಿ ಕೊಡ್ತಾರ ನೋಡು."

ಒಹಾಯೋದ ಅಜ್ಜಿ

ಗಿರಾಕಿಗಳು ಸಾಮಾನ್ಯವಾಗಿ ಇಮೇಲ್ ಮಾಡುತ್ತಾರೆ. ಒಹಾಯೋದ ಒಬ್ಬ ಅಜ್ಜಿ ಮಾತ್ರ ಫೋನೇ ಮಾಡುತ್ತಿದ್ದಳು. ನಿವೃತ್ತ ಟೀಚರ್, ಒಬ್ಬಳೇ ಇರುವವಳು, ಪ್ರಶ್ನೆ ಕೇಳುವ ಅಭ್ಯಾಸ ಬಿಟ್ಟಿರಲಿಲ್ಲ.

"ನೀನು ಯಾವ ಪಿಸ್ತೂಲು ಇಟ್ಟುಕೊಂಡಿದ್ದೀಯ?"

"ಯಾವುದೂ ಇಲ್ಲ. ಇವತ್ತಿನ ತನಕ ಮುಟ್ಟಿಯೂ ನೋಡಿಲ್ಲ."

ಅಜ್ಜಿಯ ದನಿ ಗಟ್ಟಿಯಾಯಿತು. "ಮುಟ್ಟದೇ ಇರುವವಳು ನನಗೆ ಹೇಗೆ ಹೊಲಿದುಕೊಡುತ್ತೀ?"

"ಶವಪೆಟ್ಟಿಗೆ ಮಾಡುವವನು ಒಳಗೆ ಮಲಗಿ ನೋಡಿರುತ್ತಾನಾ?"

ಗಿರಾಕಿ ಹೋಯಿತು ಅಂದುಕೊಂಡೆ. ಹೋದರೆ ಹೋಗಲಿ, ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತಲೂ ಅಂದುಕೊಂಡೆ. ಅಷ್ಟರಲ್ಲಿ ಅಜ್ಜಿ ನಗುವುದು ಕೇಳಿಸಿತು. ಕಂದು ಬಣ್ಣದ್ದು ಬೇಕು ಅಂದಳು.

ಪಾರ್ಸೆಲ್ ತಲುಪಿದ ಮೇಲೆ ಮತ್ತೆ ಫೋನು ಬಂತು. "ನಿನ್ನ ಕೆಲಸ ಅತಿ ಚೆನ್ನಾಗಿದೆ. ಥೇಟ್ ಪಾಕೀಟಿನ ಹಾಗೇ ಕಾಣುತ್ತದೆ. ಅದೇ ತೊಂದರೆ."

"ಏನಾಯಿತು?"

"ಕಾಫಿ ಅಂಗಡಿಯಲ್ಲಿ ದುಡ್ಡು ಕೊಡೋಣ ಅಂತ ನೋಡದೆ ತೆಗೆದು ಕೌಂಟರ್ ಮೇಲೆ ಇಟ್ಟೆ, ಪಿಸ್ತೂಲಿನ ಹಿಡಿ ಹೊರಗೆ ಇಣುಕುತ್ತಿತ್ತು. ಆ ಹುಡುಗಿ ಕಾಫಿ ಫ್ರೀ ಅಂದಳು. ಕೇಕನ್ನೂ ಕಟ್ಟಿಕೊಟ್ಟಳು."

ಬಾತುಕೋಳಿ

ಅತ್ತೆಯ ಅಪ್ಪಣೆಯಾದ ಮೇಲೆ ಗಂಡ ಬರೀ ಸುಮ್ಮನಾಗಲಿಲ್ಲ, ಕೆಲಸಕ್ಕೇ ಸೇರಿಕೊಂಡರು. ಹೋಲ್‌ಸ್ಟರ್ ಮಾಡಲು ಪಿಸ್ತೂಲಿನ ಅಳತೆಯ ಅಚ್ಚು ಬೇಕು. ಒದ್ದೆ ಚರ್ಮವನ್ನು ಅದರ ಮೇಲೆ ಒತ್ತಿ ಒಣಗಿಸಿದರೆ ಆಕಾರ ಬರುತ್ತದೆ. ನಿಜವಾದ ಪಿಸ್ತೂಲಿನ ಮಾತೇ ಇಲ್ಲ, ತದ್ರೂಪಿ ಆಟಿಕೆ ಇಟ್ಟುಕೊಂಡರೂ ಇಲ್ಲಿ ಕಾನೂನಿನ ತೊಡಕು. ಅದಕ್ಕೆ ಗಂಡ ಕಟ್ಟಿಗೆಯಲ್ಲಿ ಅಚ್ಚು ಕೆತ್ತತೊಡಗಿದರು. ಚರ್ಮ ಕೂರುವ ಕಡೆ ಅಳತೆ ಸರಿಯಾಗಿರುತ್ತಿತ್ತು, ಉಳಿದ ಕಡೆ ಅವರಿಗೆ ತೋಚಿದ್ದು. ಮೇಲೆ ಅಡಿಗೆಮನೆಗೆ ಬಳಿದು ಉಳಿದಿದ್ದ ಹಳದಿ ಬಣ್ಣ ಹಚ್ಚಿದರು.

ಒಂದು ಮಧ್ಯಾಹ್ನ ಬಾಗಿಲು ತೆರೆದರೆ ಇಬ್ಬರು ಪೊಲೀಸರು. ಬೇಸ್‌ಮೆಂಟಿನ ಕಿಟಕಿಯಲ್ಲಿ ಪಿಸ್ತೂಲು ಕಂಡಿತು ಅಂತ ಪಕ್ಕದ ಮನೆಯವರು ಫೋನ್ ಮಾಡಿದ್ದರಂತೆ. ಗಂಡ ನನ್ನ ಹಿಂದೆ ಬಂದು ನಿಂತರು. ನಾನು, "ಕೆಳಗೆ ಬಂದು ನೋಡಿ" ಅಂತ ಕರೆದುಕೊಂಡು ಹೋದೆ. ಚರ್ಮ, ದಾರ, ಪಾರ್ಸೆಲ್ ಎಲ್ಲ ತೋರಿಸಿದೆ.

"ನಾನು ಚೀಲ ಹೊಲಿಯುತ್ತೇನೆ. ಅದರಲ್ಲಿ ತಪ್ಪಿದ್ದರೆ ಹೇಳಿ. ಇಲ್ಲದಿದ್ದರೆ ಚರ್ಮ ಒಣಗುತ್ತಿದೆ, ನನಗೆ ಕೆಲಸ ಇದೆ."

ಹಿರಿಯ ಪೊಲೀಸು ಚೀಲದಲ್ಲಿ ತಪ್ಪೇನಿಲ್ಲ ಅಂದ. ಆಮೇಲೆ ಮೇಜಿನ ಮೇಲಿದ್ದ ಅಚ್ಚನ್ನು ಎತ್ತಿ ತಿರುಗಿಸಿ ನೋಡಿ ಜೊತೆಗಿದ್ದವನಿಗೆ ಕೊಟ್ಟ. "ಡಕ್ ಅಲ್ವಾ ಇದು?"

ಅವನೂ ನೋಡಿದ. "ಹೌದು, ಡಕ್."

ಅಲ್ಲಿಗೆ ಮುಗಿದಿತ್ತು. ಇಬ್ಬರೂ ಮೆಟ್ಟಿಲ ಕಡೆ ಹೊರಟಿದ್ದರು. ಅಷ್ಟರಲ್ಲಿ ನನ್ನ ಗಂಡ, "ಎಕ್ಸ್‌ಕ್ಯೂಸ್ ಮಿ, ಆಫೀಸರ್. ಅದು ಡಕ್ ಅಲ್ಲ. ಇಟ್ ಈಸ್ ಎ ಪಿಸ್ಟಲ್" ಅಂದರು.

ನಾನು ಅವರ ಕಾಲು ತುಳಿದೆ.

"ಕಾಲ್ ಯಾಕ ತುಳೀತಿ? ಎಷ್ಟು ದಿನ ಕೂತು ಕೆತ್ತೀನಿ ನಾ." ಅಚ್ಚನ್ನು ಇಸಿದುಕೊಂಡು ಪೊಲೀಸರಿಗೆ ಪಾಠ ಶುರುಮಾಡಿದರು. "ಇದು ನಳಿಕೆ. ಇದು ಟ್ರಿಗರ್ ಬರುವ ಜಾಗ."

"ನಾನು ಅದನ್ನು ಕೊಕ್ಕು ಅಂದುಕೊಂಡೆ" ಅಂದ ಕಿರಿಯವನು.

ಹಿರಿಯವನು ಗಂಭೀರವಾಗಿ ಹೇಳಿದ: "ಸರ್, ಪಿಸ್ತೂಲು ಅಂತ ನೀವು ಒತ್ತಿ ಹೇಳಿದರೆ ನಾನು ಬರೆದುಕೊಳ್ಳಬೇಕಾಗುತ್ತದೆ. ಯೋಚನೆ ಮಾಡಿ ಹೇಳಿ."

ನನ್ನ ಗಂಡ ನಿಜವಾಗಿಯೂ ಯೋಚನೆ ಮಾಡಿದರು. ಒಂದು ಕಡೆ ಜೈಲು, ಇನ್ನೊಂದು ಕಡೆ ಮಾನ. ಕೊನೆಗೆ ನೆಲ ನೋಡುತ್ತ, "ಡಕ್" ಅಂದರು.

ಮರುದಿನ ಪಕ್ಕದ ಮನೆಯಾಕೆ ಕ್ಷಮೆ ಕೇಳಲು ಬಂದಳು. ನೀವು ಮರದ ಬಾತುಕೋಳಿ ಮಾಡುತ್ತೀರಂತೆ, ಪೊಲೀಸರು ಹೇಳಿದರು, ನಮ್ಮ ಮೊಮ್ಮಗಳಿಗೆ ಒಂದು ಮಾಡಿಕೊಡುತ್ತೀರಾ ಅಂತ ಕೇಳಿದಳು. ಗಂಡ ಹಲ್ಲು ಕಚ್ಚಿಕೊಂಡು ಒಪ್ಪಿದರು. ಈ ಸಲ ಬಾತುಕೋಳಿಯ ಫೋಟೋ ಎದುರಿಗಿಟ್ಟುಕೊಂಡು, ರೆಕ್ಕೆ, ಬಾಲ, ಕೊಕ್ಕು ಎಲ್ಲ ಬಿಡಿಸಿ ಕೆತ್ತಿದರು.

ಮಗು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಿತು. ಹಿಂದೆ ಮುಂದೆ ತಿರುಗಿಸಿ ನೋಡಿತು. ಆಮೇಲೆ ಬಾಲದ ಕಡೆಯಿಂದ ಗಟ್ಟಿಯಾಗಿ ಹಿಡಿದು, ಕೊಕ್ಕನ್ನು ನನ್ನ ಗಂಡನ ಹೊಟ್ಟೆಗೆ ಗುರಿಯಿಟ್ಟು, "ಢಂ" ಅಂದಿತು.

ಗಂಡ ನನ್ನ ಕಡೆ ತಿರುಗಿದರು. ಅಷ್ಟು ಖುಷಿಯಾದ ಮುಖ ನಾನು ಮದುವೆಯ ದಿನವೂ ನೋಡಿರಲಿಲ್ಲ.

"ನೋಡಿದಿ? ಪೊಲೀಸರಿಗೆ ತಿಳೀಲಿಲ್ಲ, ಕೂಸಿಗೆ ತಿಳೀತು."